ಒಂದೇ ಕಪ್ಪಿನ ಮನೆ

ರಾಣೇಬೆನ್ನೂರು
೩ ಜೂನ್ ೨೦೦೭

ತಂಗಿ ನೀಲಾ,

ನಿನ್ನ ಕೂಡ ಮಾತನಾಡುವುದಿಲ್ಲ ಎಂದು ಆಣೆ ಮಾಡಿದ್ದೇನೆ. ಬರೆಯುವುದಿಲ್ಲ ಎಂದು ಮಾಡಿಲ್ಲ. ಅದಕ್ಕೇ ಈ ಕಾಗದ. ಇಷ್ಟು ವರ್ಷ ಮಂದಿಯ ಲಗ್ನಪತ್ರಿಕೆ ಅಚ್ಚು ಹಾಕಿದವನಿಗೆ, ಯಾವ ಮಾತು ಅಚ್ಚಿಗೆ ಬಂತು ಯಾವುದು ಬಿಟ್ಟುಹೋಯಿತು ಎಂಬುದು ಬೇಗ ಕಾಣುತ್ತದೆ.

ನಡೆದದ್ದನ್ನು ಮಂದಿ ನಿನಗೆ ಉಪ್ಪು ಖಾರ ಹಚ್ಚಿ ಹೇಳಿರುತ್ತಾರೆ. ಇದ್ದದ್ದು ಇಷ್ಟು. ಯುಗಾದಿಯ ಮರುದಿನ ನೀನು ಬ್ಯಾಡಗಿಯ ಗಂಡನ ಮನೆ ಬಿಟ್ಟು ಹಾವೇರಿಗೆ ಹೋಗಿ ಗೆಳತಿ ಜಾಹೀದಾಳ ಹೊಲಿಗೆ ಕ್ಲಾಸಿನ ಮೇಲಿನ ಖೋಲಿಯಲ್ಲಿ ಕುಳಿತೆ. ಆ ವಾರವೇ ನಿಮ್ಮ ಮನೆಯವರು ಸಿದ್ದಲಿಂಗೇಶ, ಅವರ ದೊಡ್ಡಪ್ಪ ಅಜ್ಜಪ್ಪನವರು ನಮ್ಮ ಪಡಸಾಲೆಗೆ ಬಂದರು. ಯಾಕೆ ಹೋದಳು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹೊಡೆತವಿಲ್ಲ, ಬಡಿತವಿಲ್ಲ, ಕುಡಿತವಿಲ್ಲ. (ಪ್ರಾಸ ತಾನಾಗಿ ಬಂತು, ನಾನು ತಂದದ್ದಲ್ಲ.) ನನಗೆ ತಲೆ ಎತ್ತಲು ಆಗಲಿಲ್ಲ. ದೇವರ ಜಗುಲಿಯ ಮೇಲೆ ದೇವರಗುಡ್ಡದಿಂದ ತಂದ ಭಂಡಾರದ ಚೀಲವಿತ್ತು. ಮೈಲಾರಲಿಂಗನ ಆ ಅರಿಷಿಣಪುಡಿ ಮುಟ್ಟಿ ಅಂದುಬಿಟ್ಟೆ: "ಆಕಿ ತಿರುಗಿ ಬ್ಯಾಡಗಿಗೆ ಹೋಗೂತನಾ ನಾ ಆಕಿ ಕೂಡ ಮಾತಾಡಂಗಿಲ್ಲ. ನನ್ನ ಮನ್ಯಾಗಿನವ್ರು ಯಾರೂ ಆಕಿ ಹೊಸ್ತಲಾ ತುಳಿಯಂಗಿಲ್ಲ." ಅವ್ವ ಬಾಗಿಲ ಹಿಂದೆ ನಿಂತು ಕೇಳಿದಳು. ಏನೂ ಅನ್ನಲಿಲ್ಲ. ಅವ್ವ ಏನೂ ಅನ್ನದಿದ್ದರೆ ನನಗೆ ಹೆದರಿಕೆ.

ನಿನ್ನೆ ಜಾಹೀದಾ ಪಾವತಿ ಪುಸ್ತಕ ಅಚ್ಚು ಹಾಕಿಸಲು ಪ್ರೆಸ್ಸಿಗೆ ಬಂದಿದ್ದಳು. ನೀನು ಮನೆ ಬಿಡುವಾಗ ಒಯ್ದದ್ದು ಒಂದು ಸೂಟ್‌ಕೇಸು, ಒಂದು ಕಾಫಿ ಮಷೀನು ಅಂತ. ಅದೂ ಒಂದು ಸಲಕ್ಕೆ ಒಂದೇ ಕಪ್ಪು ಮಾಡುವ ಮಷೀನು ಅಂತ. ಈಗ ಅದು ಕೆಟ್ಟು ಕುಳಿತಿದೆ ಅಂತ. ನಮ್ಮ ಮನೆತನದಲ್ಲಿ ಕಾಫಿ ಕುಡಿದವರು ಯಾರವ್ವ? ಒಂದೇ ಕಪ್ಪಿನ ಯಂತ್ರ, ಒಂಟಿ ಬಾಳಿನ ಮಂತ್ರ.

ಏನಾಗಿದೆ ಅದಕ್ಕೆ? ಬರೆ. ಮಷೀನಿನ ಬಗ್ಗೆ ಬರೆದರೆ ಸಾಕು.

ಇತಿ,
ಮಾಲತೇಶ

*

ಹಾವೇರಿ
೧೦ ಜೂನ್ ೨೦೦೭

ಅಣ್ಣಾ,

ಮಷೀನಿನ ಬಗ್ಗೆ ಬರೆದರೆ ಸಾಕು ಅಂದಿದ್ದೀಯ. ಅಷ್ಟನ್ನೇ ಬರೆಯುತ್ತೇನೆ.

ಎತ್ತರ ನಮ್ಮ ಅವ್ವನ ತಂಬಿಗೆಯಷ್ಟು. ಹಿಂದೆ ನೀರಿನ ತೊಟ್ಟಿ. ಮೇಲೆ ಮುಚ್ಚಳ, ಅದರೊಳಗೆ ಕಾಫಿಪುಡಿ ಹಾಕುವ ಸಣ್ಣ ಜಾಳಿಗೆಯ ಬಟ್ಟಲು. ಮುಚ್ಚಳ ಅದುಮಿದರೆ ಒಂದು ಟೊಳ್ಳು ಸೂಜಿ ಪುಡಿಯೊಳಗೆ ಇಳಿಯುತ್ತದೆ. ಗುಂಡಿ ಒತ್ತಿದರೆ ಬಿಸಿನೀರು ಆ ಸೂಜಿಯಿಂದ ಬಂದು, ಪುಡಿಯಲ್ಲಿ ಹಾಯ್ದು, ಕೆಳಗಿನ ಕಪ್ಪಿಗೆ ಬೀಳುತ್ತದೆ. ಬೀಳುತ್ತಿತ್ತು. ಈಗ ಗುರ್ ಅನ್ನುತ್ತದೆ, ಒಂದು ಹನಿ ಬಿಡುತ್ತದೆ, ನಿಲ್ಲುತ್ತದೆ. ಕೆಂಪು ದೀಪ ಕಣ್ಣು ಮಿಟುಕಿಸುತ್ತದೆ. ಸಂಜೆ ಕರೆಂಟು ಸಣ್ಣಗಾದಾಗ ಅದೂ ಇಲ್ಲ.

ಕೂಡ ಬಂದ ಪುಸ್ತಕದಲ್ಲಿ ಇರುವುದು ಸ್ಪೇನಿನ ಭಾಷೆ. ಚಿತ್ರ ನೋಡಿ ತಿಳಿದುಕೊಳ್ಳಬೇಕು. ಒಂದು ಚಿತ್ರದಲ್ಲಿ ಕೆಂಪು ದೀಪ ಇದೆ, ಪಕ್ಕಕ್ಕೆ ನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಚುಕ್ಕೆಗಳು.

ನಿನ್ನ ಪ್ರಾಸ ಓದಿದೆ. ಚಂದ ಇದೆ. ಲಗ್ನಪತ್ರಿಕೆಗೆ ಇಟ್ಟುಕೋ.

ನೀಲಾ

*

ರಾಣೇಬೆನ್ನೂರು
೧೯ ಜೂನ್ ೨೦೦೭

ತಂಗಿ ನೀಲಾ,

ಬಿಳಿ ಚುಕ್ಕೆ ಎಂದರೆ ಸುಣ್ಣ. ಜಾಹೀದಾಳ ಮನೆಗೆ ಬೋರಿನ ನೀರು ತಾನೆ? ಬೋರಿನ ನೀರು ಕಾಯಿಸಿದ ಪಾತ್ರೆಗೆ ತಳದಲ್ಲಿ ಬಿಳಿ ಕರೆ ಕಟ್ಟುತ್ತದಲ್ಲ, ಅದೇ ಕರೆ ಮಷೀನಿನ ನಳಿಗೆಯೊಳಗೆ ಕಟ್ಟಿದೆ. ಬಿಸಿ ಆಗುತ್ತದೆ, ದಾರಿ ಇಲ್ಲ. ಇಂಥ ಸ್ಥಿತಿ ಮನುಷ್ಯರಿಗೂ ಬರುತ್ತದೆ, ಇರಲಿ.

ಔಷಧ: ಮೂರು ಲಿಂಬೆಹಣ್ಣು ಹಿಂಡಿ, ಬೀಜ ತೊಗಟೆ ಬಾರದಂತೆ ಅರಿವೆಯಲ್ಲಿ ಸೋಸು. ತೊಟ್ಟಿಯ ತುಂಬ ನೀರಿಗೆ ಕಲಸು. ಪುಡಿ ಹಾಕದೆ ಗುಂಡಿ ಒತ್ತು. ಅರ್ಧ ಇಳಿದ ಮೇಲೆ ನಿಲ್ಲಿಸಿ ಒಂದು ತಾಸು ಸುಮ್ಮನೆ ಬಿಡು. ಹುಳಿ ಸುಣ್ಣವನ್ನು ತಿನ್ನಲಿ. ಉಳಿದದ್ದನ್ನೂ ಇಳಿಸು. ಆಮೇಲೆ ಬರೀ ನೀರು ಎರಡು ಸಲ ಓಡಿಸು. ಇನ್ನು ಮುಂದೆ ನಲ್ಲಿಗೆ ಹೊಳೆಯ ನೀರು ಬಂದ ದಿನ ಹಿಡಿದಿಟ್ಟುಕೋ. ಕರೆಂಟು ಸಣ್ಣಗಿದ್ದಾಗ ಹಚ್ಚಲೇಬೇಡ.

ಕೆಂಪು ದೀಪ ಕಣ್ಣು ಹೊಡೆದರೆ ಕಂಗಾಲಾಗಬೇಡ,
ಲಿಂಬೆಹುಳಿ ಕುಡಿಸದೆ ರಿಪೇರಿಗೆ ಹೋಗಬೇಡ.

ಇನ್ನೊಂದು ಮಾತು. ಅಜ್ಜಪ್ಪನವರು ಮತ್ತೆ ಬಂದಿದ್ದರು, ಈ ಸಲ ಪ್ರೆಸ್ಸಿಗೇ. ನಿಂತುಕೊಂಡೇ ಅಂದರು: "ಪಂಚಮಿ ಒಳಗ ಇದು ಹರೀಬೇಕು ಮಾಲತೇಶ. ಪಂಚಮಿಗೆ ನಿನ್ನ ತಂಗಿ ತವರಿಗೆ ಬರೂದಾದ್ರ ಬ್ಯಾಡಗಿಯಿಂದ ಬರಬೇಕು, ಹಾವೇರಿಯಿಂದ ಅಲ್ಲ." ಮದುವೆಯಾದಾಗಿನಿಂದ ಪ್ರತಿ ಪಂಚಮಿಗೆ ನಾನೇ ಬ್ಯಾಡಗಿಗೆ ಬಂದು ನಿನ್ನನ್ನು ಕರೆತಂದಿದ್ದೇನೆ. ಈ ವರ್ಷ ಯಾವ ಬಸ್ಸು ಹತ್ತಲಿ?

ಇತಿ,
ಮಾಲತೇಶ

*

ಹಾವೇರಿ
೨ ಜುಲೈ ೨೦೦೭

ಅಣ್ಣಾ,

ಲಿಂಬೆಹುಳಿ ಕೆಲಸ ಮಾಡಿತು. ಮೊದಲು ಅಕ್ಕಿ ತೊಳೆದಂಥ ನೀರು ಬಂತು, ಆಮೇಲೆ ತಿಳಿಯಾಯಿತು. ಹಸಿರು ದೀಪ ಹತ್ತಿದಾಗ ಕೆಳಗಿನ ಕ್ಲಾಸಿನ ಹುಡುಗಿಯರೆಲ್ಲ ಮೇಲೆ ಬಂದು ನೋಡಿದರು.

ನೀನು ಕೇಳಿಲ್ಲ. ಆದರೂ ಇವತ್ತು ಹೇಳುತ್ತೇನೆ.

ಬ್ಯಾಡಗಿಯ ನಮ್ಮ ಮನೆ ನಿನಗೆ ಗೊತ್ತು. ಮುಂದೆ ಮೆಣಸಿನಕಾಯಿ ದಲಾಲಿ ಅಂಗಡಿ, ಹಿಂದೆ ಅಡುಗೆಮನೆ. ಪೇಟೆಯ ದಿನ ರೈತರು, ಹಮಾಲರು, ಖರೀದಿದಾರರು, ಎಲ್ಲರಿಗೂ ಚಹಾ ನನ್ನ ಒಲೆಯಿಂದ. ಕಿಟ್ಲಿ ಹೊರಗೆ ಹೋಗುತ್ತದೆ, ಖಾಲಿಯಾಗಿ ಬರುತ್ತದೆ, ಮತ್ತೆ ಹೋಗುತ್ತದೆ. ಖಾರದ ಘಾಟಿಗೆ ಗಂಟಲು ಉರಿಯುತ್ತಿರುತ್ತದೆ. ಎಲ್ಲರದೂ ಆದ ಮೇಲೆ ನನ್ನದು. ಆಗ ಪಾತೇಲಿಯ ತಳದಲ್ಲಿ ಇರುವುದು ಗಸಿ. ಅದಕ್ಕೆ ಚೂರು ನೀರು ಹಾಕಿ ಕುದಿಸಿ ಕುಡಿಯುತ್ತಿದ್ದೆ. ಅದು ತಪ್ಪು ಅಂತ ನನಗೂ ಅನ್ನಿಸಿರಲಿಲ್ಲ.

ಒಂದು ವರ್ಷ ಸ್ಪೇನಿನಿಂದ ಒಬ್ಬ ಖರೀದಿದಾರ ಬಂದಿದ್ದ. ಮೆಣಸಿನಕಾಯಿಯ ಬಣ್ಣ ನೋಡಲು ಬಂದವನು. ಚಹಾ ಕೊಟ್ಟಾಗ ದುಭಾಷಿಯ ಕಡೆ ತಿರುಗಿ ಏನೋ ಕೇಳಿದ. ದುಭಾಷಿ ನಗುತ್ತ ಹೇಳಿದ, "ಅಕ್ಕಾರ ಕಪ್ಪು ಎಲ್ಲೈತಿ ಅಂತ ಕೇಳಾಕತ್ತಾರ." ಅಂಗಡಿಗೆ ಅಂಗಡಿಯೇ ನಕ್ಕಿತು. ಮರುವರ್ಷ ಅವನು ಈ ಮಷೀನು ಕಳಿಸಿದ. ಪೆಟ್ಟಿಗೆಯ ಮೇಲೆ ನನ್ನ ಹೆಸರಿತ್ತು. "ಈ ಮನ್ಯಾಗ ಒಂದ ಕಪ್ಪು ಯಾರು ಕುಡೀತಾರ" ಎಂದು ನಮ್ಮ ಮನೆಯವರು ಅದನ್ನು ಅಟ್ಟಕ್ಕೆ ಹಾಕಿದರು.

ಈ ಯುಗಾದಿಗೆ ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕಿತು. ಚಿತ್ರ ನೋಡಿ ನೋಡಿ ಒಂದು ಕಪ್ಪು ಮಾಡಿದೆ. ನನಗೆ. ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ತುಟಿಗೆ ಹಚ್ಚಬೇಕು, ಅಷ್ಟರಲ್ಲಿ ಅವರು ಒಳಗೆ ಬಂದರು. ಹೊರಗೆ ಯಾರೋ ಕೂತಿದ್ದರು. ನನ್ನ ಕೈಯಿಂದ ಕಪ್ಪು ತೆಗೆದುಕೊಂಡು, "ಇದನ್ನ ಅವರಿಗೆ ಕೊಡ್ತೇನಿ, ನೀ ಆಮ್ಯಾಲೆ ಮಾಡ್ಕೋ" ಎಂದು ಹೋದರು.

ಅಷ್ಟೇ. ಬೈಯಲಿಲ್ಲ. ಸಿಟ್ಟೂ ಇರಲಿಲ್ಲ. ಅದಕ್ಕೇ ಯಾರಿಗೂ ಹೇಳಲು ಬರಲಿಲ್ಲ. ಕೈ ಮಾತ್ರ ಕಪ್ಪು ಹಿಡಿದ ಹಾಗೆಯೇ ಬಹಳ ಹೊತ್ತು ಇತ್ತು.

ನೀಲಾ

*

ರಾಣೇಬೆನ್ನೂರು
೮ ಜುಲೈ ೨೦೦೭

ನೀಲಾ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಓದಿ ಪ್ರೆಸ್ಸಿನ ಬಾಗಿಲು ಹಾಕಿಕೊಂಡು ಕುಳಿತೆ. ಆದರೆ ಹಿರಿಯರ ಮುಂದೆ ಇದನ್ನು ಹೇಗೆ ಹೇಳಲಿ? ಒಂದು ಕಪ್ಪಿಗಾಗಿ ಮನೆ ಬಿಟ್ಟಳು ಎಂದರೆ, ಅಂಗಡಿ ಅಷ್ಟೇ ಅಲ್ಲ, ಊರಿಗೆ ಊರೇ ನಗುತ್ತದೆ. ಒಂದು ಏಟಾದರೂ ಬಿದ್ದಿದ್ದರೆ ನಾನು ಎದೆ ಸೆಟೆಸಿ ನಿಲ್ಲುತ್ತಿದ್ದೆ. ಇದು ಬರೆಯುತ್ತಿರುವಾಗಲೇ ಎಂಥ ಮಾತು ಎಂದು ಗೊತ್ತಾಗುತ್ತಿದೆ. ಆದರೂ ಆ ಸಾಲು ಹೊಡೆದುಹಾಕುವುದಿಲ್ಲ, ನಾನು ಅಂಥವನೇ ಎಂದು ನಿನಗೂ ತಿಳಿದಿರಲಿ.

ಆಗಸ್ಟ್ ಐದು, ಭಾನುವಾರ, ನಮ್ಮ ಮನೆಯಲ್ಲಿ ಹಿರಿಯರು ಸೇರುತ್ತಾರೆ. ನೀನು ಬರಬೇಕು. ಬರುವಾಗ ಮಷೀನೂ ತರಬೇಕು. ಅದು ಅಂಗಡಿಗೆ ಬಂದ ಸಾಮಾನು ಎಂದು ನಿಮ್ಮ ಮನೆಯವರ ವಾದ. ಆ ದಿನ ನೀನು ಹೂಂ ಅಂದರೆ ಅವರ ಜೀಪಿನಲ್ಲೇ ಬ್ಯಾಡಗಿಗೆ ಹೋಗುವುದು. ಉಹುಂ ಅಂದರೆ ನನ್ನ ಮನೆಯ ಬಾಗಿಲೂ ಮುಚ್ಚಿದಂತೆಯೇ. ಭಂಡಾರ ಮುಟ್ಟಿದ ಮಾತು. ಆಣೆ ಆಣೆಯೇ.

ಇವತ್ತು ಪ್ರಾಸ ಹುಟ್ಟುವುದಿಲ್ಲ.

ಮಾಲತೇಶ

*

ಹಾವೇರಿ
೧೬ ಜುಲೈ ೨೦೦೭

ಅಣ್ಣಾ,

ನಾನು ಐದಕ್ಕೆ ಬರುವುದಿಲ್ಲ. ಮಷೀನೂ ಬರುವುದಿಲ್ಲ.

ಬ್ಯಾಡಗಿಯ ಜೀಪು ಈ ವಾರ ಎರಡು ಸಲ ನಮ್ಮ ಓಣಿಗೆ ಬಂತು. ಯಾರೂ ಇಳಿಯಲಿಲ್ಲ. ಎಂಜಿನ್ ಬಂದ್ ಮಾಡದೆ ನಿಂತು, ಹೋಯಿತು. ಜಾಹೀದಾ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದಳು. ಬಟ್ಟೆ ಕತ್ತರಿಸುತ್ತಿದ್ದೆ ಅನ್ನುತ್ತಾಳೆ. ಮೇಜಿನ ಮೇಲೆ ಬಟ್ಟೆ ಇರಲಿಲ್ಲ.

ಮಷೀನು ಮತ್ತೆ ನಿಂತಿದೆ. ಈ ಸಲ ಸುಣ್ಣ ಅಲ್ಲ. ನಿನ್ನೆ ಸಂಜೆ ನೀರು ಹಳದಿ ಬಂತು. ಒಂದು ಕಪ್ಪು ಇಳಿಯಿತು, ಆಮೇಲೆ ಗುರ್ ಅಂದು ಕಟ್ಟಿತು. ತೊಟ್ಟಿಯ ತಳದಲ್ಲಿ ಹಳದಿ ಗಸಿ ಇದೆ. ಹೇಗೆ ಬಂತೋ ಗೊತ್ತಿಲ್ಲ.

ನೀಲಾ

*

ರಾಣೇಬೆನ್ನೂರು
೨೦ ಜುಲೈ ೨೦೦೭

ನೀಲಾ,

ಹೇಗೆ ಬಂತೋ ಗೊತ್ತಿಲ್ಲ ಎಂಬ ಸಾಲು ಮಾತ್ರ ಓರೆ ಹೋಗಿದೆ. ಅಕ್ಷರ ಜೋಡಿಸಿ ಬದುಕುವವನಿಗೆ ಅಕ್ಷರ ಸುಳ್ಳು ಹೇಳಿದರೆ ಗೊತ್ತಾಗುತ್ತದೆ.

ಹದಿನೈದಕ್ಕೆ, ಭಾನುವಾರ, ಅವ್ವ "ದೇವರ ಕಡೆ ಹೊಂಟೇನಿ" ಎಂದು ಬೆಳಿಗ್ಗೆಯೇ ಹೋಗಿದ್ದಳು. ದೇವರಗುಡ್ಡ ಇಲ್ಲೇ ಇದೆ. ಊಟದ ಹೊತ್ತಿಗೆ ಬರಬೇಕು. ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಅವತ್ತು ಕೇಳಲಿಲ್ಲ. ನಿನ್ನ ಕಾಗದ ಓದಿದವನೇ ಎದ್ದು ಜಗುಲಿಯ ಮೇಲಿನ ಚೀಲ ಬಿಚ್ಚಿದೆ. ಖಾಲಿ. ನಾನು ಮುಟ್ಟಿ ಆಣೆ ಮಾಡಿದ ಚೀಲ, ಜಾಡಿಸಿ ಮಡಿಚಿಟ್ಟಿದ್ದಾಳೆ.

"ಅವ್ವಾ, ಅವತ್ತ ನೀ ದೇವರಗುಡ್ಡಕ್ಕ ಹೋಗಿದ್ಯೋ, ಹಾವೇರಿಗೋ?"

"ಹಾವೇರಿಗೆ." ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಮತ್ತ ಸುಳ್ಳ ಯಾಕ ಹೇಳಿದಿ?"

"ಎಲ್ಲಿ ಹೇಳೇನಿ? ದೇವರ ಕಡೆ ಹೊಂಟೇನಿ ಅಂದೆ. ಭಂಡಾರ ನನ್ನ ಉಡಿಯಾಗ ಇತ್ತು. ದೇವರು ನನ್ನ ಬಾಜೂಕ ಬಸ್ಸಿನ್ಯಾಗ ಕುಂತಿದ್ದ."

"ಅದನ್ನ ಮಷೀನಿನ್ಯಾಗ ಯಾಕ ಸುರುವಿದಿ?"

"ನೀ ಅದನ್ನ ಮುಟ್ಟೇ ಆಣಿ ಮಾಡಿದ್ದು ಹೌದಿಲ್ಲೋ? ಆಣಿ ನೀರಾಗ ಕರಗಬೇಕು. ಯಾರ ಮ್ಯಾಲೆ ಮಾಡಿದ್ದೋ ಅವರ ಹೊಟ್ಟ್ಯಾಗ ಹೋಗಬೇಕು. ಅಲ್ಲಿಗೆ ಇಳೀತು."

"ಇದು ಯಾವ ಶಾಸ್ತ್ರ?"

"ನಂದು."

"ಕುಡಿಸೂದಿದ್ರ ಒಂದು ಕಪ್ಪಿನ್ಯಾಗ ಕಲಸಿ ಕುಡಿಸಬೇಕಿತ್ತು!"

"ಆಕಿ ಮನ್ಯಾಗ ಇರೂದ ಒಂದ ಕಪ್ಪು. ಅದರಾಗ ಆಕಿ ನನಗ ಕಾಫಿ ಕೊಟ್ಟಿದ್ಲು." ಆಮೇಲೆ ಒಂದು ಶೇಂಗಾಕಾಳು ಬಾಯಿಗೆ ಹಾಕಿಕೊಂಡು, "ಕಾಫಿ ಕಹಿ ಇತ್ತು. ಆದ್ರ ಬಿಸಿ ಇತ್ತು" ಅಂದಳು.

ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಇನ್ನೂ ತಿಳಿದಿಲ್ಲ.

ಮಷೀನಿಗೆ: ಮೊದಲು ಪ್ಲಗ್ಗು ಕಿತ್ತು ತಣ್ಣಗಾಗಲು ಬಿಡು. ತೊಟ್ಟಿ ತೆಗೆದು ತೊಳೆ. ಅರಿಷಿಣ ಕಟ್ಟಿರುವುದು ಮುಚ್ಚಳದ ಒಳಗಿನ ಟೊಳ್ಳು ಸೂಜಿಯಲ್ಲಿ. ಹೊಲಿಗೆ ಮಷೀನಿನ ಅತಿ ತೆಳು ಸೂಜಿ ತೆಗೆದುಕೊಂಡು ಅದರ ಬಾಯಿಗೆ ಇಳಿಸಿ ಮೆಲ್ಲಗೆ ತಿರುವು; ತಳ್ಳಬೇಡ, ತಳ್ಳಿದರೆ ಒಳಗೆ ಕೂತುಬಿಡುತ್ತದೆ. ಆಮೇಲೆ ಬರೀ ಬಿಸಿನೀರು, ಹಳದಿ ಹೋಗುವವರೆಗೆ.

ಒಂದು ಪ್ರಶ್ನೆ. ಇಳಿದ ಆ ಒಂದು ಹಳದಿ ಕಪ್ಪು, ಚೆಲ್ಲಿದೆಯಾ?

ಮಾಲತೇಶ

*

ಹಾವೇರಿ
೨೭ ಜುಲೈ ೨೦೦೭

ಅಣ್ಣಾ,

ಚೆಲ್ಲಲಿಲ್ಲ. ಕುಡಿದೆ.

ಅವ್ವ ಬಸ್ ಸ್ಟ್ಯಾಂಡಿನಿಂದ ಕೇಳಿಕೊಂಡು ಕೇಳಿಕೊಂಡು ಬಂದಿದ್ದಳು. ಕಾಫಿ ಕುಡಿದಳು, ಖೋಲಿ ನೋಡಿದಳು, ಕಿಟಕಿ ತೆಗೆದು ಹಾಕಿ ನೋಡಿದಳು. ನಾನು ನೀರು ತರಲು ಕೆಳಗೆ ಹೋದಾಗ ತನ್ನ ಕೆಲಸ ಮುಗಿಸಿದ್ದಾಳೆ. ಹೊರಡುವಾಗ "ಮುಂದಿನ ಕಪ್ಪು ನೀನ ಕುಡೀಬೇಕು, ಚೆಲ್ಲಬ್ಯಾಡ" ಅಂದಳು. ಹಳದಿ ಬಂದಾಗ ತಿಳಿಯಿತು. ನೀನು ಅವಳ ಮೇಲೆ ಎಗರುತ್ತೀ ಎಂದು ನಿನಗೆ ಬರೆಯಲಿಲ್ಲ. ಅರಿಷಿಣದ ಕಾಫಿ ಹೇಗಿರುತ್ತದೆ ಎಂದು ಕೇಳಬೇಡ.

ಸೂಜಿ ತಿರುವಿದೆ. ತಳ್ಳಲಿಲ್ಲ. ಮಷೀನು ನಡೆಯುತ್ತಿದೆ. ಮುಚ್ಚಳದ ಒಳಗೆ ಹಳದಿ ಕಲೆ ಉಳಿದಿದೆ, ಹೋಗುವುದಿಲ್ಲ.

ಜೀಪು ನಿನ್ನೆ ಮತ್ತೆ ಬಂದಿತ್ತು. ಈ ಸಲ ಅಜ್ಜಪ್ಪ ಮಾವನವರು ಇಳಿದರು. ಕೆಳಗಿನಿಂದಲೇ ಕೂಗಿ ಹೇಳಿದರು: "ಐದಕ್ಕ ನಿಮ್ಮಣ್ಣ ಏನಂತಾನೋ ಅದ ಕಡೀ ಮಾತು. ಆಮ್ಯಾಲೆ ನಾವು ಕೇಳಾಕ ಬರಂಗಿಲ್ಲ, ಒಯ್ಯಾಕ ಬರತೇವಿ." ಕ್ಲಾಸಿನ ಹುಡುಗಿಯರೆಲ್ಲ ಕೇಳಿದರು. ಹೊಲಿಗೆ ಮಷೀನುಗಳೆಲ್ಲ ಒಮ್ಮೆಲೇ ನಿಂತವು.

ನೀನು ಏನು ಹೇಳಬೇಕು ಎಂದು ನಾನು ಹೇಳುವುದಿಲ್ಲ. ಹಿರಿಯರು ಬಂದಾಗ ನಿನ್ನ ಹೆಂಡತಿ, ನಮ್ಮ ವೈನಿ, ಚಹಾ ಕೊಡುತ್ತಾಳಲ್ಲ. ಎಲ್ಲರದೂ ಆದ ಮೇಲೆ ಆಕೆಯ ಪಾತೇಲಿ ನೋಡು. ಅಷ್ಟು ಮಾಡು.

ನೀಲಾ

*

ರಾಣೇಬೆನ್ನೂರು
೬ ಆಗಸ್ಟ್ ೨೦೦೭

ತಂಗಿ ನೀಲಾ,

ನಿನ್ನೆಯದು ಮುಗಿದಿದೆ. ಮುಗಿದಿದೆ ಎನ್ನಲು ಇಂದು ಬೆಳಗಿನವರೆಗೆ ಧೈರ್ಯ ಇರಲಿಲ್ಲ.

ಬ್ಯಾಡಗಿಯವರು ಎರಡು ಜೀಪಿನಲ್ಲಿ ಬಂದರು. ನಮ್ಮ ಕಡೆಯ ಹಿರಿಯರೂ ಕೂತಿದ್ದರು. ಅಜ್ಜಪ್ಪನವರು ತಕ್ಕೆ ದಿಂಬಿಗೆ ಒರಗಿ ಶುರು ಮಾಡಿದರು: "ಏನ್ ಮಾಲತೇಶ, ನಿನ್ನ ತಂಗಿ ಒಂದ ಕಪ್ಪಿನ ಸಂಸಾರ ಹೂಡ್ಯಾಳಂತ?" ಎಲ್ಲರೂ ನಕ್ಕರು. ನಿಮ್ಮ ಮನೆಯವರು ನಗಲಿಲ್ಲ. ನೆಲ ನೋಡುತ್ತ, "ಆಕಿ ಬರಲಿ, ಇಲ್ಲಾ ಮಷೀನಾದ್ರೂ ಬರಲಿ" ಅಂದರು.

ಅಷ್ಟರಲ್ಲಿ ನಿನ್ನ ವೈನಿ ಸುಧಾರಾಣಿ ಚಹಾದ ತಾಟು ತಂದಳು. ನಿನ್ನ ಮಾತು ನೆನಪಿತ್ತು. ಎಲ್ಲರಿಗೂ ಕೊಟ್ಟು ಒಳಗೆ ಹೋದಳು. ನಾನು ಕೂತ ಜಾಗದಿಂದ ಅಡುಗೆಮನೆ ಕಾಣುತ್ತದೆ. ಇಷ್ಟು ದಿನವೂ ಕಾಣುತ್ತಿತ್ತು. ಒಲೆಯ ಮುಂದೆ ನಿಂತು ಪಾತೇಲಿ ಓರೆ ಮಾಡಿ, ಅದಕ್ಕೆ ಅರ್ಧ ಲೋಟ ನೀರು ಹಾಕಿ, ಒಲೆ ಹಚ್ಚಿದಳು.

ನಾನು ಅಲ್ಲಿಂದಲೇ ಕೂಗಿದೆ. "ಸುಧಾ, ನಿನ್ನ ಕಪ್ಪು ಎಲ್ಲಿ?"

"ನಂದೇನ್ರಿ? ನಂದು ಆಮ್ಯಾಲೆ."

"ಅದರಾಗ ಈಗ ಏನೈತಿ?"

ಹೊರಗೆ ಮಂದಿ ಇದ್ದಾರೆ ಎಂದು ಮೊದಲು ಸೆರಗು ಎಳೆದುಕೊಂಡಳು. ಆಮೇಲೆ ಏನನ್ನಿಸಿತೋ, ಪಾತೇಲಿಯನ್ನೇ ಹಿಡಿದುಕೊಂಡು ಹೊಸ್ತಿಲಿಗೆ ಬಂದು ಎಲ್ಲರಿಗೂ ಕಾಣುವಂತೆ ಬಗ್ಗಿಸಿದಳು. "ಗಸಿ ಐತ್ರಿ."

ಯಾರೂ ನಗಲಿಲ್ಲ. ಕಪ್ಪು ಬಾಯಿಗೆ ಹಚ್ಚಿದ್ದವರು ಕೆಳಗಿಟ್ಟರು. ನಾನು ನನ್ನ ಕಪ್ಪನ್ನು ಒಯ್ದು ಅವಳ ಕೈಯಲ್ಲಿಟ್ಟು ಬಂದೆ. ನಿಂತುಕೊಂಡೇ ಹೇಳಿದೆ: "ಹಿರಿಯಾರ, ನನ್ನ ತಂಗಿಗೆ ಯಾರೂ ಹೊಡದಿಲ್ಲ. ಆಕಿ ಕೈಯಾಗಿಂದ ಆಕಿ ಕಪ್ಪು ಕಸಗೊಂಡಾರ. ಆಕಿ ಬರೂದಾದ್ರ ತಾನ ಬರತಾಳ. ಒಯ್ಯಾಕ ಯಾರೂ ಹೋಗಂಗಿಲ್ಲ. ಹೋದ್ರ ಬಾಗಲದಾಗ ನಾ ಇರತೇನಿ."

ಅಜ್ಜಪ್ಪನವರ ದನಿ ಏರಿತು. "ಭಂಡಾರ ಮುಟ್ಟಿ ಆಣಿ ಮಾಡಿದ್ದಿ. ಅದೇನಾತು?"

"ಅದನ್ನ ಕುಡದಾಗೇತ್ರಿ."

ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು: "ಹೌದ್ರಿ. ನಾನ ಕಲಸಿಕೊಟ್ಟೇನಿ."

ಅಜ್ಜಪ್ಪನವರು ಎದ್ದರು. ಇನ್ನು ಬ್ಯಾಡಗಿಯ ಒಂದು ಲಗ್ನಪತ್ರಿಕೆಯೂ ನನ್ನ ಪ್ರೆಸ್ಸಿಗೆ ಬರುವುದಿಲ್ಲ ಎಂದರು. ಬರುವುದಿಲ್ಲ, ನನಗೂ ಗೊತ್ತು. ಇದು ಇಲ್ಲಿಗೆ ಮುಗಿಯಲಿಲ್ಲ ಎಂದೂ ಅಂದರು. ಜೀಪು ಹತ್ತುವ ಮೊದಲು ಸಿದ್ದಲಿಂಗೇಶ ಹಿಂದೆ ಉಳಿದರು. ಚಪ್ಪಲಿ ಮೆಟ್ಟಲು ಬಹಳ ಹೊತ್ತು ಹಿಡಿಯಿತು ಅವರಿಗೆ.

"ಅದು ಈಗ ಬರೋಬ್ಬರಿ ನಡೀತೈತೇನ್ರಿ?"

"ನಡೀತೈತಿ."

"ಪೆಟಗಿ ಮ್ಯಾಲೆ ಆಕಿ ಹೆಸರ ಇತ್ತು, ಖರೇ" ಅಂದರು. ನಂತರ, "ನಡೀಲಿ ಬಿಡ್ರಿ." ಅದು ಅನುಮತಿಯೋ, ಸೋಲೋ, ಬರೀ ಮಾತೋ, ನೀನೇ ತಿಳಿದುಕೋ, ಆ ಮನುಷ್ಯನನ್ನು ನನಗಿಂತ ನೀನು ಬಲ್ಲೆ.

ಪಂಚಮಿಗೆ ನಾನು ಬಸ್ಸು ಹತ್ತುವುದು ಹಾವೇರಿಯದು. ಅವ್ವ ಉಂಡಿ ಕಟ್ಟಲು ಶೇಂಗಾ ಹುರಿಯುತ್ತಿದ್ದಾಳೆ. ಕರೆಯಲು ಬರುತ್ತೇನೆ, ಬರುವುದು ಬಿಡುವುದು ನಿನ್ನದು. ಬರದಿದ್ದರೂ ಉಂಡಿ ಅಲ್ಲೇ ಕುಳಿತು ತಿನ್ನೋಣ. ನಿನ್ನ ಕೂಡ ಏನು ಮಾತನಾಡಬೇಕೋ ಇನ್ನೂ ಹೊಂದಿಸಿಕೊಂಡಿಲ್ಲ. ಪ್ರಾಸವಂತೂ ಸಿಕ್ಕಿಲ್ಲ.

ನಿನ್ನ ಅಣ್ಣ,
ಮಾಲತೇಶ

*

ಹಾವೇರಿ
೧೧ ಆಗಸ್ಟ್ ೨೦೦೭

ಅಣ್ಣಾ,

ಬಾ. ಪ್ರಾಸ ಬೇಡ.

ನಲ್ಲಿಗೆ ಹೊಳೆಯ ನೀರು ಬಂದಿದೆ, ಹಿಡಿದಿಟ್ಟಿದ್ದೇನೆ. ಲಿಂಬೆಹುಳಿ ಕುಡಿಸಿ ಆಗಿದೆ. ಹಸಿರು ದೀಪ ಹತ್ತುತ್ತದೆ.

ಬರುವಾಗ ಒಂದು ಕಪ್ಪು ತಾ. ಇಲ್ಲಿ ಇರುವುದು ಒಂದೇ, ಅದು ನನ್ನದು. ಮೊದಲು ನಾನು ಮಾಡಿಕೊಂಡು ಕುಡಿಯುತ್ತೇನೆ. ನಿನ್ನದು ಆಮೇಲೆ.

ನಿನ್ನ ತಂಗಿ,
ನೀಲಾ